ಹೊಗೆಯಲ್ಲಿ ಪೋಲಾಗುತ್ತಿದ್ದ ಶಕ್ತಿಯನ್ನು ದುಡಿಸಿದ ಆಲ್ಫ್ರೆಡ್ ಬ್ಯೂಖಿ

ಹಳೆಯ ಟರ್ಬೋ ಡೀಸೆಲ್ ಕಾರು ಏರುದಾರಿಯಲ್ಲಿ ಏದುಸಿರು ಬಿಡುತ್ತಾ ಕಪ್ಪು ಹೊಗೆ ಉಗುಳತೊಡಗಿದರೆ ನುರಿತ ಮೆಕ್ಯಾನಿಕ್ ಮೊದಲು ವಿಚಾರಿಸುವುದು ಬೂಸ್ಟ್ ಎಷ್ಟಿದೆ ಎಂಬುದನ್ನು. ವಾತಾವರಣದ ಸಹಜ ಒತ್ತಡಕ್ಕಿಂತ ಎಷ್ಟು ಹೆಚ್ಚಿನ ಒತ್ತಡದಲ್ಲಿ ಟರ್ಬೋಚಾರ್ಜರ್ ಎಂಜಿನ್ನಿಗೆ ಗಾಳಿ ತುಂಬುತ್ತಿದೆ ಎಂಬ ಲೆಕ್ಕವೇ ಬೂಸ್ಟ್. ಇಂದು ಗ್ಯಾರೇಜುಗಳಲ್ಲಿ ದಿನನಿತ್ಯದ ಮಾತಾಗಿರುವ ಈ ಲೆಕ್ಕ ಕೈಗೂಡಲು ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಒಬ್ಬರು ಇಪ್ಪತ್ತು ವರ್ಷ ಕಾಯಬೇಕಾಯಿತು. ಅವರೇ ಟರ್ಬೋಚಾರ್ಜರಿನ ಜನಕ ಆಲ್ಫ್ರೆಡ್ ಬ್ಯೂಖಿ.

ಬ್ಯೂಖಿ ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ. ಯಂತ್ರೋದ್ಯಮಕ್ಕೆ ಹೆಸರಾದ ಊರು ಅದು. ತಂದೆ ಯೋಹಾನ್ ಬ್ಯೂಖಿ ಅಲ್ಲಿನ ಪ್ರಸಿದ್ಧ ಸುಲ್ಜರ್ ಕಾರ್ಖಾನೆಯ ಉನ್ನತಾಧಿಕಾರಿಯಾಗಿದ್ದರು. ಮುಂದೆ ತಮ್ಮ ಹೆಸರಿನ ಎಂಜಿನ್ನಿನಿಂದ ಜಗತ್ಪ್ರಸಿದ್ಧರಾದ ರುಡಾಲ್ಫ್ ಡೀಸೆಲ್ ಅವರೂ ಅದೇ 1879ರಲ್ಲಿ ಪ್ರಾಯೋಗಿಕ ಅನುಭವಕ್ಕಾಗಿ ಸುಲ್ಜರ್‌ನಲ್ಲಿ ದುಡಿದಿದ್ದರು. ಡೀಸೆಲ್ ಎಂಜಿನ್ನಿನ ಜನಕನೂ, ಅದರ ಬಲವನ್ನು ಹಿಗ್ಗಿಸಿದ ಶಿಶುವೂ ಒಂದೇ ವರ್ಷ ಒಂದೇ ಊರಿನಲ್ಲಿದ್ದುದು ಇತಿಹಾಸದ ಸೋಜಿಗಗಳಲ್ಲೊಂದು.

ಜ್ಯೂರಿಕ್‌ನ ಫೆಡರಲ್ ಪಾಲಿಟೆಕ್ನಿಕ್‌ನಲ್ಲಿ ವ್ಯಾಸಂಗ ಮಾಡಿದ ಬ್ಯೂಖಿ 1903ರಲ್ಲಿ ಯಂತ್ರಶಿಲ್ಪದ ಪದವಿ ಪಡೆದರು. ಬಳಿಕ ಬೆಲ್ಜಿಯಂ ಹಾಗೂ ಇಂಗ್ಲೆಂಡ್‌ಗಳಲ್ಲಿ ಉದ್ಯೋಗ. ಆ ದಿನಗಳಲ್ಲೇ ಅವರನ್ನು ಒಂದು ಪ್ರಶ್ನೆ ಕಾಡತೊಡಗಿತು.

ಡೀಸೆಲ್ ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಇಂಧನವಲ್ಲ, ಗಾಳಿ. ಸಿಲಿಂಡರಿನಲ್ಲಿ ಹಿಡಿಸಿದ ಗಾಳಿಗೆ ತಕ್ಕಷ್ಟು ಡೀಸೆಲ್ ಮಾತ್ರ ಚೆನ್ನಾಗಿ ಉರಿಯುತ್ತದೆ. ಮಿಕ್ಕಿದ್ದು ಕಪ್ಪು ಹೊಗೆಯಾಗುತ್ತದೆ. ಇನ್ನೊಂದೆಡೆ, ಇಂಧನದಿಂದ ಹುಟ್ಟಿದ ಶಾಖದಲ್ಲಿ ಸರಿಸುಮಾರು ಮೂರರಲ್ಲಿ ಒಂದು ಪಾಲು ಹೊಗೆಕೊಳವೆಯ ಮೂಲಕ ವ್ಯರ್ಥವಾಗಿ ಹೊರಹೋಗುತ್ತದೆ. ಈ ವ್ಯರ್ಥ ಶಕ್ತಿಯಿಂದಲೇ ಒಂದು ಟರ್ಬೈನನ್ನು ತಿರುಗಿಸಿ, ಆ ಟರ್ಬೈನಿನಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ ಹೇಗೆ? ಈ ಯೋಚನೆಗೆ ಬ್ಯೂಖಿ 1905ರಲ್ಲಿ ಜರ್ಮನಿಯ ಪೇಟೆಂಟ್ ಕೋರಿದರು. ಆಗ ಅವರ ವಯಸ್ಸು ಕೇವಲ 26.

ಫಲಿಸದ ಮೊದಲ ಯತ್ನ

ಕಾಗದದ ಮೇಲೆ ಸರಳವಾಗಿದ್ದದ್ದು ಕಬ್ಬಿಣದಲ್ಲಿ ಸರಳವಾಗಲಿಲ್ಲ. ತಾಯ್ನಾಡಿಗೆ ಮರಳಿ ಸುಲ್ಜರ್ ಸೇರಿದ ಬ್ಯೂಖಿ 1911ರಲ್ಲಿ ಪ್ರಯೋಗಗಳಿಗೆ ಕೈಹಾಕಿದರು. ಹೊಗೆಯ ಕಡುಶಾಖವನ್ನು ದೀರ್ಘಕಾಲ ತಾಳಬಲ್ಲ ಟರ್ಬೈನ್ ಅಲಗುಗಳು ಆಗಿರಲಿಲ್ಲ. ಅಂದಿನ ಕಂಪ್ರೆಸರುಗಳ ದಕ್ಷತೆಯೂ ಕಡಿಮೆ. ಎತ್ತರದ ತೆಳುಗಾಳಿಯಲ್ಲಿ ವಿಮಾನದ ಎಂಜಿನ್ ಬಲ ಕುಂದದಂತೆ ನೋಡಿಕೊಳ್ಳುವ ಉದ್ದೇಶದಿಂದ 1915ರಲ್ಲಿ ಸಿದ್ಧವಾದ ಮಾದರಿಯೂ ನಂಬಿಕೆಗೆ ಅರ್ಹವಾಗಲಿಲ್ಲ.

ಅಷ್ಟರಲ್ಲಿ ಬೇರೆಯವರೂ ಅದೇ ಹಾದಿ ಹಿಡಿದಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಆಗಸ್ಟ್ ರಾಟೋ ವಿಮಾನಗಳಿಗಾಗಿ ಟರ್ಬೋಚಾರ್ಜರ್ ರೂಪಿಸಿದರು. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ ಎಂಜಿನ್ ಸಾಗಿಸಿ ಪರೀಕ್ಷೆ ನಡೆಸಿದರು. ಮೊದಲು ಪೇಟೆಂಟ್ ಕೋರಿದ ಬ್ಯೂಖಿಯವರ ಕೈಯಲ್ಲಿ ಮಾತ್ರ ಮಾರಾಟಕ್ಕೆ ಯೋಗ್ಯವಾದ ಒಂದು ಯಂತ್ರವೂ ಇರಲಿಲ್ಲ.

ಆದರೂ ಅವರು ಕೈಚೆಲ್ಲಲಿಲ್ಲ. ಕೇವಲ ಒತ್ತಡ ಹೆಚ್ಚಿಸಿದರೆ ಸಾಲದು, ಎಂಜಿನ್ನೂ ಟರ್ಬೋವೂ ಒಂದಕ್ಕೊಂದು ಹೊಂದಿಕೊಂಡು ಉಸಿರಾಡಬೇಕು ಎಂಬುದೇ ಅವರು ಕಂಡುಕೊಂಡ ಸತ್ಯ. ಹೊಗೆ ಹೊರಹೋಗುವ ಕವಾಟ ಮುಚ್ಚುವ ಮುನ್ನವೇ ಗಾಳಿಯ ಕವಾಟ ತೆರೆದುಕೊಂಡು, ತಾಜಾ ಗಾಳಿ ಸಿಲಿಂಡರನ್ನು ಗುಡಿಸಿ ತಂಪುಗೊಳಿಸುವ ವ್ಯವಸ್ಥೆಯನ್ನು ಅವರು ರೂಪಿಸಿದರು. ಒಂದು ಸಿಲಿಂಡರಿನ ಹೊಗೆಯ ರಭಸ ಮತ್ತೊಂದರ ದಾರಿಗೆ ಅಡ್ಡಬಾರದಂತೆ ಹೊಗೆಕೊಳವೆಗಳನ್ನು ಗುಂಪುಗಳಾಗಿ ಬೇರ್ಪಡಿಸಿದರು. 1925ರಲ್ಲಿ ಪೇಟೆಂಟ್ ಆದ ಈ ವಿಧಾನವೇ ಮುಂದೆ ಬ್ಯೂಖಿ ಪದ್ಧತಿ ಎಂದು ಹೆಸರಾಯಿತು.

ಹಡಗಿನಿಂದ ಕಾರಿನವರೆಗೆ

ಗೆಲುವು ಬಂದದ್ದು ಸಮುದ್ರದ ಮೇಲೆ. ಪ್ರಾಯ್ಸನ್ ಹಾಗೂ ಹಾನ್ಸೆಸ್ಟಾಟ್ ಡಾನ್‌ಜಿಗ್ ಎಂಬ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳಿಗೆ ಬ್ಯೂಖಿ ಮೇಲ್ವಿಚಾರಣೆಯಲ್ಲಿ ಟರ್ಬೋಚಾರ್ಜರ್ ಅಳವಡಿಸಲಾಯಿತು. 1926ರ ಹೊತ್ತಿಗೆ ಫಲಿತಾಂಶ ಕಣ್ಣಮುಂದಿತ್ತು. 1750 ಅಶ್ವಶಕ್ತಿಯ ಎಂಜಿನ್ 2500 ಅಶ್ವಶಕ್ತಿ ನೀಡತೊಡಗಿತ್ತು. ಬ್ರೌನ್ ಬೊವೆರಿ ಕಂಪೆನಿ ಹಾಗೂ ವಿಂಟರ್‌ಥೂರ್‌ನ ಸ್ವಿಸ್ ಲೋಕೋಮೋಟಿವ್ ಕಾರ್ಖಾನೆಯೊಡನೆ ಸೇರಿ ಬ್ಯೂಖಿ ಒಂದು ಸಿಂಡಿಕೇಟ್ ಕಟ್ಟಿದರು. ಲೆಕ್ಕಾಚಾರ ಮತ್ತು ವಿನ್ಯಾಸ ಇವರದು, ಟರ್ಬೋ ತಯಾರಿಕೆ ಬ್ರೌನ್ ಬೊವೆರಿಯದು, ಎಂಜಿನ್ ಪರೀಕ್ಷೆ ಲೋಕೋಮೋಟಿವ್ ಕಾರ್ಖಾನೆಯದು.

1938ರಲ್ಲಿ ಸ್ವಿಟ್ಜರ್‌ಲೆಂಡಿನದೇ ಆದ ಸಾವ್ರರ್ ಕಂಪೆನಿಯ ಟ್ರಕ್ಕಿಗೆ ಟರ್ಬೋ ಡೀಸೆಲ್ ಎಂಜಿನ್ ಬಂತು. 1959ರ ಅಕ್ಟೋಬರ್ 27ರಂದು ಬ್ಯೂಖಿ ಹುಟ್ಟೂರಿನಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 80 ವರ್ಷ. ಟರ್ಬೋ ಡೀಸೆಲ್ ಕಾರನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಐದು ಸಿಲಿಂಡರಿನ, 3 ಲೀಟರ್ ಎಂಜಿನ್ನಿನ ಮರ್ಸಿಡಿಸ್ 300 ಎಸ್‌ಡಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1978ರಲ್ಲಿ. ನಮ್ಮ ನಾಡಿನ ಹಳಿಗಳ ಮೇಲೆ ದಶಕಗಳ ಕಾಲ ರೈಲು ಎಳೆದ 2600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ಎಂಜಿನ್ನುಗಳ ಬಲದ ಹಿಂದೆಯೂ ಟರ್ಬೋಚಾರ್ಜರ್ ಇತ್ತು.

ಬ್ಯೂಖಿ ಕಲಿಸಿದ ಪಾಠ

ಹಡಗಿನ ಎಂಜಿನ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ. ಕಾರಿನ ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹೀಗಾಗಿ ಬೂಸ್ಟ್ ಮಿತಿಮೀರದಂತೆ ಹೆಚ್ಚುವರಿ ಹೊಗೆಯನ್ನು ಟರ್ಬೈನಿನ ಪಕ್ಕದಿಂದ ಹಾಯಿಸುವ ವೇಸ್ಟ್‌ಗೇಟ್ ಎಂಬ ಬಾಗಿಲು ಹಳೆಯ ಟರ್ಬೋ ಕಾರುಗಳಲ್ಲಿ ಸಾಮಾನ್ಯ. ಅದನ್ನು ತೆರೆಯುವ ಸರಳನ್ನು ಗಿಡ್ಡ ಮಾಡಿದರೆ ಬಾಗಿಲು ತಡವಾಗಿ ತೆರೆದು ಬೂಸ್ಟ್ ಏರುತ್ತದೆ; ಉದ್ದ ಮಾಡಿದರೆ ಇಳಿಯುತ್ತದೆ. ಇಷ್ಟು ಸುಲಭವೆಂದು ಸ್ಪ್ಯಾನರ್ ಹಿಡಿದು ಹೊರಡುವವರು ಬ್ಯೂಖಿಯವರ ಇಪ್ಪತ್ತು ವರ್ಷಗಳನ್ನು ನೆನೆಯುವುದು ಒಳಿತು.

ಬೂಸ್ಟ್ ಕಡಿಮೆಯಾಗಲು ವೇಸ್ಟ್‌ಗೇಟ್ ಒಂದೇ ಕಾರಣವಲ್ಲ. ಕಟ್ಟಿಕೊಂಡ ಏರ್ ಫಿಲ್ಟರ್, ಬಿರುಕುಬಿಟ್ಟ ರಬ್ಬರ್ ಹೋಸ್, ಸಡಿಲಗೊಂಡ ಕ್ಲಾಂಪ್ ಇವುಗಳನ್ನು ಮೊದಲು ಪರಿಶೀಲಿಸಬೇಕು. ನಂತರ ಗಾಳಿ ಒಳಹೋಗುವ ಮ್ಯಾನಿಫೋಲ್ಡಿಗೆ ಗೇಜ್ ಜೋಡಿಸಿ, ಏರುದಾರಿಯಲ್ಲಿ ಪೂರ್ಣ ಭಾರದೊಡನೆ ಓಡಿಸಿ, ಬಂದ ಅಂಕಿಯನ್ನು ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಆಮೇಲೂ ಹೊಂದಿಸುವುದು ಅನಿವಾರ್ಯವಾದರೆ ಸರಳನ್ನು ಅರ್ಧ ಸುತ್ತಿನಷ್ಟೇ ತಿರುಗಿಸಿ ಮತ್ತೆ ಅಳೆಯಬೇಕು. ಇಂಧನ ಹೆಚ್ಚದೆ ಗಾಳಿ ಮಾತ್ರ ಹೆಚ್ಚಿದರೆ ಎಂಜಿನ್ನಿಗೆ ಹೇಳಿಕೊಳ್ಳುವಂಥ ಬಲ ಬಾರದು. ಗಾಳಿ ಮೀರಿ ಇಂಧನ ಹೆಚ್ಚಿದರೆ ಶಾಖವೇರಿ ಪಿಸ್ಟನ್ನಿಗೇ ಅಪಾಯ. ಎರಡನ್ನೂ ಮಿತಿಮೀರಿ ಏರಿಸಿದರೆ ಹೆಡ್ ಗ್ಯಾಸ್ಕೆಟ್ ಕೈಕೊಟ್ಟೀತು, ಟರ್ಬೈನ್ ತಾಳಲಾರದ ವೇಗಕ್ಕೆ ಹೋದೀತು.

ರುಡಾಲ್ಫ್ ಡೀಸೆಲ್ ಹೆಸರು ಪೆಟ್ರೋಲ್ ಬಂಕುಗಳಲ್ಲಿ ಇಂದಿಗೂ ದಿನವೂ ಕೇಳಿಬರುತ್ತದೆ. ಬ್ಯೂಖಿ ಹೆಸರು ಎಂಜಿನಿಯರುಗಳ ವಲಯದಾಚೆ ಹಬ್ಬಲಿಲ್ಲ. ಆದರೆ ಮುದಿ ಕಾರೊಂದು ಹೊಗೆ ಕಾರದೆ ಘಾಟಿಯ ತಿರುವುಗಳನ್ನು ಏರಿದಾಗ ಅದರ ಬೆನ್ನಿಗಿರುವುದು ವಿಂಟರ್‌ಥೂರ್‌ನ ಆ ತಾಳ್ಮೆಯ ಎಂಜಿನಿಯರ್ ಎಂಬುದನ್ನು ಮರೆಯುವಂತಿಲ್ಲ.