ಹಕೀಮ್ ಅಜ್ಮಲ್ ಖಾನ್: ಹೃದಯದ ಔಷಧಿಯಲ್ಲಿ ಉಳಿದ ಹೆಸರು

ನಿಮ್ಮ ಮನೆಯಲ್ಲಿ ದಿನವೂ ಬಿ.ಪಿ. ಮಾತ್ರೆ ನುಂಗುವ ಹಿರಿಯರು ಒಬ್ಬರಾದರೂ ಇರಬಹುದು. ಇಂತಹ ಔಷಧಿಗಳ ಚರಿತ್ರೆಯಲ್ಲಿ ದೆಹಲಿಯ ಹಕೀಮರೊಬ್ಬರ ಪಾಲೂ ಇದೆಯೆಂದು ನಿಮಗೆ ಗೊತ್ತೇ? ಅವರೇ ಹಕೀಮ್ ಅಜ್ಮಲ್ ಖಾನ್.

1868ರಲ್ಲಿ ದೆಹಲಿಯ ಶರೀಫ್ ಖಾನಿ ವೈದ್ಯ ಮನೆತನದಲ್ಲಿ ಜನಿಸಿದ ಅವರು ಎಳವೆಯಲ್ಲೇ ಕುರ್‌ಆನ್ ಕಂಠಪಾಠ ಮಾಡಿದರು. ಯುನಾನಿ ವೈದ್ಯವನ್ನು ಮನೆಯ ಹಿರಿಯರಿಂದಲೇ ಕಲಿತರು. 1892ರಲ್ಲಿ ರಾಂಪುರ ನವಾಬರ ಮುಖ್ಯ ವೈದ್ಯರಾದರು. ಕೈಗುಣದಿಂದ ಹೆಸರು, ಹಣ ಎರಡೂ ಬಂದವು. ಆದರೆ ಅವರ ಮನಸ್ಸು ವಿದ್ಯಾಸಂಸ್ಥೆಗಳ ಕಡೆಗಿತ್ತು. ಅಣ್ಣ 1883ರಲ್ಲಿ ಆರಂಭಿಸಿದ್ದ ಮದ್ರಸಾ ತಿಬ್ಬಿಯಾವನ್ನು ಅವರು ದೊಡ್ಡ ಕಾಲೇಜಾಗಿ ಬೆಳೆಸಿದರು. ಯುನಾನಿ ಮತ್ತು ಆಯುರ್ವೇದ ಒಂದೇ ಸೂರಿನಡಿ ಬಂದ ಆ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. 1920ರಲ್ಲಿ ಸ್ಥಾಪನೆಯಾದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಮೊದಲ ಕುಲಾಧಿಪತಿ ಅವರೇ. ಅದೇ ವರ್ಷ ಸರಕಾರ ಕೊಟ್ಟಿದ್ದ ಬಿರುದನ್ನು ಹಿಂತಿರುಗಿಸಿದರು. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯನ್ನೂ ವಹಿಸಿದರು.

ಪರಂಪರೆಯ ಮದ್ದುಗಳನ್ನು ಹೊಸ ವಿಜ್ಞಾನದ ಒರೆಗೆ ಹಚ್ಚಬೇಕೆಂಬುದು ಅವರ ಹಂಬಲವಾಗಿತ್ತು. ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಸಲೀಮುಝ್ಝಮಾನ್ ಸಿದ್ದೀಕಿ ಎಂಬ ಯುವಕನಿಗೆ ಅವರು ಹಣದ ನೆರವು ನೀಡಿದರು. ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾಲಯವೊಂದನ್ನು ತೆರೆಯಲು ಯೋಜಿಸಿದರು. ಆದರೆ ಅದರ ಫಲ ಕಾಣುವ ಮೊದಲೇ, 1927ರ ಡಿಸೆಂಬರ್ 29ರಂದು, ಹೃದ್ರೋಗದಿಂದ ನಿಧನರಾದರು.

ಸಿದ್ದೀಕಿಯವರು ಮರುವರ್ಷ ಅಲ್ಲಿ ಸಂಶೋಧನೆ ಆರಂಭಿಸಿದರು. 1931ರಲ್ಲಿ ಸರ್ಪಗಂಧದ ಬೇರಿನಿಂದ ಹಲವು ಸಾರಗಳನ್ನು ಬೇರ್ಪಡಿಸಿ, ಒಂದಕ್ಕೆ ತಮ್ಮ ಉಪಕಾರಿಯ ನೆನಪಿಗಾಗಿ ಅಜ್ಮಲಿನ್ ಎಂದು ಹೆಸರಿಟ್ಟರು. ಹೃದಯಬಡಿತದ ಏರುಪೇರಿಗೆ ಅದು ಔಷಧಿಯಾಯಿತು. ಬ್ರುಗಾಡಾ ಎಂಬ ಹೃದಯದೋಷವನ್ನು ಪತ್ತೆಹಚ್ಚಲು ಇಂದಿಗೂ ಅದನ್ನು ಬಳಸುತ್ತಾರೆ.

ಅದೇ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು 1949ರಲ್ಲಿ ಮುಂಬಯಿಯ ಡಾ. ರುಸ್ತುಂ ವಕೀಲ್ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದಾಗ ಜಗತ್ತು ಗಮನಿಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದಲೇ ರಿಸರ್ಪಿನ್ ಎಂಬ ಸಾರವನ್ನು ತೆಗೆದರು.

ಒತ್ತಡ ಹೆಚ್ಚಿದ್ದರೆ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ದುಡಿಯಬೇಕು. ವರ್ಷಗಳು ಕಳೆದಂತೆ ಅದರ ಗೋಡೆ ದಪ್ಪವಾಗಿ, ಕೊನೆಗೆ ಸೋಲುತ್ತದೆ. ಮಾತ್ರೆ ಆ ಹೊರೆಯನ್ನು ಇಳಿಸುತ್ತದೆ. ಅಮೆರಿಕದಲ್ಲಿ ತೀವ್ರ ರಕ್ತದೊತ್ತಡವಿದ್ದ 143 ಪುರುಷರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1967ರಲ್ಲಿ ಪ್ರಕಟವಾಯಿತು. ರಿಸರ್ಪಿನ್ ಸೇರಿದಂತೆ ಮೂರು ಔಷಧಿ ಪಡೆದವರಲ್ಲಿ ಇಬ್ಬರಿಗೆ ಗಂಭೀರ ತೊಂದರೆಯಾದರೆ, ಹುಸಿ ಮಾತ್ರೆ ಪಡೆದವರಲ್ಲಿ 27 ಮಂದಿಗೆ ಆಯಿತು. ರಿಸರ್ಪಿನ್ ಹೆಚ್ಚಿನ ಪ್ರಮಾಣದಲ್ಲಿ ಮನಸ್ಸಿನ ಖಿನ್ನತೆ ತರುವುದೂ ಕಂಡುಬಂತು. ಬೇರೆ ಔಷಧಿಗಳು ಬಂದ ಮೇಲೆ ಅದರ ಬಳಕೆ ಬಹಳ ಕಡಿಮೆಯಾಯಿತು. ಆದ್ದರಿಂದ ಸರ್ಪಗಂಧದ ಬೇರನ್ನು ನೀವಾಗಿಯೇ ಸೇವಿಸಬೇಡಿ. ಆರಾಮವಾಗಿದೆಯೆಂದು ಹಿರಿಯರು ಬಿ.ಪಿ. ಮಾತ್ರೆ ನಿಲ್ಲಿಸಿದರೆ, ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ತಿಳಿಹೇಳಿ. ಅದರ ಉಪಕಾರ ಇಂದು ಕಣ್ಣಿಗೆ ಕಾಣುವುದಿಲ್ಲ. ಹತ್ತು ವರ್ಷಗಳ ನಂತರ ಹೃದಯಕ್ಕೆ ಗೊತ್ತಾಗುತ್ತದೆ.

ಸದಸ್ಯ ಬಂಧುಗಳೇ, ಒಬ್ಬ ವಿದ್ಯಾರ್ಥಿಯ ಓದಿಗೆ ಕೊಟ್ಟ ನೆರವೂ ಹಾಗೆಯೇ. ಹಕೀಂ ಸಾಹೇಬರು ಕೊಟ್ಟ ಹಣ ಅವರ ಕಾಲದ ನಂತರ ಎಷ್ಟೋ ರೋಗಿಗಳ ಪಾಲಿಗೆ ಮದ್ದಾಯಿತು. ಸದಕಾ ಜಾರಿಯಾ ಎಂದರೆ ಇದೇ ಅಲ್ಲವೇ? ಅಲ್ಲಾಹನು ಅವರಿಗೆ ಉತ್ತಮ ಪ್ರತಿಫಲ ನೀಡಲಿ.