ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರೂ ರೋಗಿಯ ಪಥ್ಯವೂ

ದೀಪಧಾರಿಣಿಯೆಂದು ಲೋಕವಿಖ್ಯಾತರಾದ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಹೆಸರನ್ನು ಕೇಳದ ವಿದ್ಯಾರ್ಥಿನಿಯರು ವಿರಳ. ಅವರ ದೀಪವನ್ನು ಬಲ್ಲ ನಾವು ಅವರ ಅಡಿಗೆಮನೆಯನ್ನು ಅಷ್ಟಾಗಿ ಅರಿಯೆವು. ಕಠಿನ ವ್ಯಾಧಿಯಲ್ಲಿ ರೋಗಿಯ ಹೊಟ್ಟೆಯನ್ನು ಕಾಯುವುದು ಔಷಧೋಪಚಾರಕ್ಕೆ ಸಮನಾದ ಕಾರ್ಯವೆಂದು ಅವರು ಕಂಡುಕೊಂಡ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಅಮ್ಮನವರು 1820ನೆಯ ಇಸವಿ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ, ಶ್ರೀಮಂತವಾದ ಆಂಗ್ಲ ಮನೆತನದಲ್ಲಿ ಜನಿಸಿದರು. ಕುಲೀನ ಸ್ತ್ರೀಯರಿಗೆ ಶುಶ್ರೂಷಾವೃತ್ತಿಯು ತಕ್ಕುದಲ್ಲವೆಂದು ಮನೆಯವರು ಬಹುಕಾಲ ತಡೆದರು. ಆದರೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ಆ ವಿದ್ಯೆಯನ್ನು ಅಭ್ಯಾಸಮಾಡಿದರು. ಕ್ರಿಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಯನ್ನು ಸೇರಿದರು.

ಅಲ್ಲಿ ಗಾಯಗಳಿಂದ ಸಾಯುವವರಿಗಿಂತ ಆಮಶಂಕೆ, ವಾಂತಿಭೇದಿ, ಜ್ವರಗಳಿಂದ ಸಾಯುವವರೇ ಹೆಚ್ಚು. ಕರುಳು ಬೆಂದುಹೋದವರಿಗೂ ದೊಡ್ಡ ಹಂಡೆಗಳಲ್ಲಿ ಅರೆಬೆಂದ ಮಾಂಸವೇ ಆಹಾರ. ಅದೂ ಹೊತ್ತು ಮೀರಿ, ತಣ್ಣಗಾಗಿ ಬರುತ್ತಿತ್ತು. ಅಮ್ಮನವರು ಪಥ್ಯಕ್ಕಾಗಿಯೇ ಪ್ರತ್ಯೇಕ ಅಡಿಗೆಮನೆಗಳನ್ನು ತೆರೆದರು. ಆದರೂ 1855ರ ಫೆಬ್ರವರಿಯಲ್ಲಿ ನೂರಕ್ಕೆ 42 ಮಂದಿ ಮೃತರಾದರು. ಮಾರ್ಚಿನಲ್ಲಿ ಬಂದ ನೈರ್ಮಲ್ಯಾಧಿಕಾರಿಗಳು ಚರಂಡಿಗಳನ್ನು ಶುದ್ಧಿಮಾಡಿ, ಗಾಳಿಗೆ ದಾರಿಮಾಡಿದರು. ಜೂನ್ ವೇಳೆಗೆ ಆ ಸಂಖ್ಯೆಯು ಸುಮಾರು ಎರಡಕ್ಕೆ ಇಳಿಯಿತು. ಮೊದಲು ಆಹಾರದ ಕೊರತೆಯನ್ನೇ ಮುಖ್ಯ ಕಾರಣವೆಂದೆಣಿಸಿದ್ದ ಅಮ್ಮನವರು, ಸ್ವದೇಶಕ್ಕೆ ಮರಳಿದ ಬಳಿಕ ವಿಲಿಯಂ ಫಾರ್ ಎಂಬವರೊಡನೆ ಅಂಕಿಗಳನ್ನು ಪರಿಶೀಲಿಸಿ, ಕೊಳಕೇ ದೊಡ್ಡ ಶತ್ರುವೆಂದು ಒಪ್ಪಿಕೊಂಡರು.

1859ರಲ್ಲಿ ಅವರು ಶುಶ್ರೂಷೆಯನ್ನು ಕುರಿತು ರಚಿಸಿದ ಪುಸ್ತಕದಲ್ಲಿ ಎರಡು ಅಧ್ಯಾಯಗಳು ರೋಗಿಯ ಆಹಾರಕ್ಕೇ ಮೀಸಲಾಗಿವೆ. ಬಲಹೀನನಿಗೆ ಗಡಿಯಾರ ನೋಡಿ ಚಮಚೆಯಷ್ಟಾಗಿ ಉಣಿಸಬೇಕು. ಉಣ್ಣದೆ ಬಿಟ್ಟ ಅನ್ನವನ್ನು ಅವನ ಕಣ್ಣೆದುರಿಗೆ ಇಡಬಾರದು. ಹುಳಿತ ಹಾಲು ಭೇದಿಗೆ ಕಾರಣ. ಮಾಂಸದ ತಿಳಿಸಾರಿನಲ್ಲಿ ಜನರು ನಂಬಿದಷ್ಟು ಪುಷ್ಟಿಯಿಲ್ಲ. ಯಾವುದು ಹಿಡಿಸುವುದೆಂಬುದಕ್ಕೆ ರೋಗಿಯ ಹೊಟ್ಟೆಯೇ ಪ್ರಮಾಣ. ಇವು ಅವರ ಬೋಧೆಯ ಸಾರ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆಯು ಸ್ಥಾಪಿತವಾಯಿತು.

ಅಮ್ಮನವರು ಭರತಖಂಡಕ್ಕೆ ಎಂದೂ ಬರಲಿಲ್ಲ. ಆದರೂ ಇಲ್ಲಿಯ ದಂಡುಗಳ ವರದಿಗಳನ್ನೋದಿ, 1863ರ ರಾಜಾಯೋಗದ ವರದಿಗೆ ತಮ್ಮ ಅಭಿಪ್ರಾಯಗಳನ್ನು ಬರೆದರು. ಬೆಂಗಳೂರಿನ ಹಲಸೂರು ಕೆರೆಯ ನೀರನ್ನು ಕುಡಿಯುತ್ತಿರಲು, ಪೇಟೆಯ ಕೊಳಚೆಯು ಅದಕ್ಕೇ ಹರಿಯುತ್ತಿದ್ದುದನ್ನು ಎತ್ತಿ ತೋರಿಸಿದರು. ಆ ಬೆಂಗಳೂರಿಗೆ ಸಮೀಪವಾಗಿರುವುದೇ ಆಗ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರ, ಕಾನಕಾನಹಳ್ಳಿಯೆನಿಸಿದ್ದ ಕನಕಪುರ, ಚನ್ನಪಟ್ಟಣ, ಮಾಗಡಿಗಳ ನಮ್ಮ ಸೀಮೆ.

ನಮ್ಮ ಮನೆಗಳಲ್ಲಿ ಹಿರಿಯರು ಹಾಸಿಗೆ ಹಿಡಿದಾಗ ಎರಡು ತಪ್ಪುಗಳು ನಡೆಯುವುದುಂಟು: ಬಲ ಬರಲೆಂದು ಮುದ್ದೆಯನ್ನು ಬಲವಂತದಿಂದ ಉಣಿಸುವುದು ಒಂದು, ಭೇದಿ ನಿಲ್ಲಲೆಂದು ಅನ್ನನೀರನ್ನೇ ತಡೆಯುವುದು ಇನ್ನೊಂದು. ಎರಡೂ ಅಪಾಯಕರ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ತುಂಬ ಆಹಾರವಿತ್ತರೆ ಪ್ರಾಣಕ್ಕೇ ಸಂಚಕಾರವೆಂದೂ, ಭೇದಿಯಾದವರಿಗೆ ಉಪ್ಪು ಸಕ್ಕರೆಗಳನ್ನು ಅಳತೆಯಿಂದ ಬೆರೆಸಿದ ನೀರೂ ಮೃದುವಾದ ಆಹಾರವೂ ಅಗತ್ಯವೆಂದೂ ಇಂದಿನ ವೈದ್ಯರು ತಿಳಿಸುತ್ತಾರೆ. ಕಾಯಿಸಿ ಆರಿಸಿದ ನೀರು, ತೊಳೆದ ಕೈ, ಸೋಸಿದ ತೆಳು ರಾಗಿಗಂಜಿ, ಆತುರವಿಲ್ಲದ ಮನಸ್ಸು, ಇವಿಷ್ಟಿದ್ದರೆ ಬಡವರ ಮನೆಯಲ್ಲಿಯೂ ಪಥ್ಯವು ನಡೆಯುವುದು. ರೋಗಿಯು ಎಷ್ಟು ಉಂಡನು, ಏನು ಹಿಡಿಸಲಿಲ್ಲ ಎಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸುವುದೂ ಶುಶ್ರೂಷೆಯೇ.

ಅಮ್ಮನವರು 1910ನೆಯ ಇಸವಿ ಆಗಸ್ಟ್ 13ರಂದು, ತಮ್ಮ 90ನೆಯ ವಯಸ್ಸಿನಲ್ಲಿ ಕೀರ್ತಿಶೇಷರಾದರು. ಪ್ರಿಯ ಸಹೋದರಿಯರೇ, ನಮ್ಮಲ್ಲಿ ಎಲ್ಲರೂ ದಾದಿಯರಾಗಲಾರೆವು. ಆದರೆ ರೋಗಿಯ ಬಳಿಯಲ್ಲಿ ಗಂಜಿಯ ಬಟ್ಟಲನ್ನು ಹಿಡಿದು ಕುಳಿತುಕೊಳ್ಳುವ ದಿನವು ನಮ್ಮಲ್ಲಿ ಪ್ರತಿಯೊಬ್ಬರಿಗೂ ಬಂದೇ ಬರುವುದು. ಅಂದು ಅಮ್ಮನವರ ಬೋಧೆಯು ನಮ್ಮ ನೆನಪಿಗೆ ಬರಲಿ.