ಶರಣಚರಿತಕಾರ ಹರಿಹರದೇವನು

ಶಿವಕವಿಗಳಲ್ಲಿ ಅಗ್ರಗಣ್ಯನಾದ ಹರಿಹರದೇವನು ಕ್ರಿಸ್ತಶಕ 1200ರ ಆಸುಪಾಸಿನಲ್ಲಿ ಬಾಳಿದವನು. ಹೊಯ್ಸಳರ ದ್ವಾರಸಮುದ್ರದಲ್ಲಿ ಕರಣಿಕನಾಗಿದ್ದ ಈತನು ಅರಸನ ಲೆಕ್ಕವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಯನ್ನು ಸೇರಿದನೆಂದು ಸಂಪ್ರದಾಯವು ಹೇಳುವುದು. ಗಿರಿಜಾಕಲ್ಯಾಣವೆಂಬ ಚಂಪುವನ್ನೂ ಪಂಪಾಶತಕ, ರಕ್ಷಾಶತಕಗಳನ್ನೂ ರಚಿಸಿದ ಈತನ ಕೀರ್ತಿಯು ರಗಳೆಗಳಿಂದಲೇ ಸ್ಥಿರವಾಯಿತು. ಚಂಪೂಕಾವ್ಯಗಳ ನಡುವೆ ಅಲ್ಲಲ್ಲಿ ಬರುತ್ತಿದ್ದ ಆ ಛಂದಸ್ಸನ್ನು ಶರಣರ ಇಡಿಯ ಬಾಳನ್ನು ಹೊರುವ ವಾಹನವನ್ನಾಗಿ ಮಾಡಿದವನು ಈತನೇ.

ಪುರಾತನರಾದ ತಮಿಳುನಾಡಿನ ಶಿವಭಕ್ತರನ್ನು ಹಾಡಿದಂತೆಯೇ, ತನಗಿಂತ ತುಸು ಹಿಂದೆ ಕನ್ನಡನಾಡಿನಲ್ಲಿ ನಡೆದಾಡಿದ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರನ್ನೂ ಹರಿಹರನು ಹಾಡಿದನು. ನಡೆದುದು ಕಾವ್ಯವಾಗುವಾಗ ಎಷ್ಟು ಉಳಿಯಬೇಕು, ಎಷ್ಟು ಕೂಡಬೇಕು ಎಂಬ ಕಠಿಣವಾದ ಪ್ರಶ್ನೆಯು ಇಲ್ಲಿಯೇ ಹುಟ್ಟುವುದು.

ಹರಿಹರನ ಅಲ್ಲಮನು ಮದ್ದಳೆಗಾರನು. ಕಾಮಲತೆಯನ್ನೊಲಿದು, ಆಕೆಯು ಜ್ವರದಿಂದ ಮಡಿಯಲು ಮರುಳನಂತೆ ಅಲೆದವನು. ದುಃಖದಲ್ಲಿ ಕಾಲ್ಬೆರಳಿಂದ ನೆಲವನ್ನು ಕೆದಕುತ್ತಿರಲು ಹೂತುಹೋದ ಗುಡಿಯ ಕಳಸವು ಕಂಡಿತು. ಒಳಗೆ ಅನಿಮಿಷಯ್ಯನಿಂದ ಇಷ್ಟಲಿಂಗವು ದೊರೆಯಿತು. 15ನೆಯ ಶತಮಾನದ ಚಾಮರಸನಾದರೋ ತನ್ನ ಪ್ರಭುಲಿಂಗಲೀಲೆಯಲ್ಲಿ ಪ್ರಭುವನ್ನು ಮಾಯೆಗೆ ಸಿಲುಕದವನೆಂದೇ ಚಿತ್ರಿಸಿದನು. ಅಕ್ಕನನ್ನು ಹರಿಹರನು ಕೌಶಿಕನ ಅರಮನೆಗೆ ಮದುವೆಯಾಗಿ ಹೋದವಳೆಂದರೆ, ಚಾಮರಸನು ಆ ಮದುವೆಯನ್ನೇ ಒಪ್ಪಲಿಲ್ಲ.

ಇವೆರಡರಲ್ಲಿ ಯಾವುದು ದಿಟವೆಂದು ಭಕ್ತರ ಮನಸ್ಸು ತೊಳಲುವುದು ಸಹಜವೇ ಸರಿ. ಚಾಮರಸನು ಪ್ರಭುವಿನ ತತ್ತ್ವಕ್ಕೆ ಕಳಂಕವು ತಟ್ಟದಂತೆ ಕಾದನು. ಹರಿಹರನು ಬಿದ್ದವನೂ ಏಳಬಲ್ಲನೆಂಬ ಭರವಸೆಯನ್ನು ಕಾದನು. ಹಾಗೆಂದು ಹರಿಹರನ ಮಾತೆಲ್ಲವೂ ಇತಿಹಾಸವಲ್ಲ. ಕೈಲಾಸದ ಗಣಗಳು ಶಾಪದಿಂದ ಧರೆಗಿಳಿಯುವುದೇ ಮೊದಲಾದವು ಕವಿಯ ಕಾಣಿಕೆಗಳು.

ಆದರೆ ಕಾವ್ಯದ ಅಡಿಯಲ್ಲಿ ಗಟ್ಟಿಯಾದ ನೆಲವಿದೆ. ಬಸವಣ್ಣನು ಕರಣಿಕರ ನಡುವೆ ಕುಳಿತು ಲೆಕ್ಕದ ತಪ್ಪನ್ನು ತೋರಿಸಿದನೆಂದು ಹರಿಹರನು ಬಣ್ಣಿಸಿದ ಮಂಗಳವಾಡವು ಅಥಣಿ ಸೀಮೆಯ ಅನಂತಪುರದವರಿಗೆ ದೂರದ್ದಲ್ಲ. ಅದೇ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಬೆಳಗಾವಿ ಜಿಲ್ಲೆಯದೇ ಆದ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಿಲಾಶಾಸನವು ಸಂಗನಬಸವನ ಹೆಸರನ್ನೂ ಬಾಗೇವಾಡಿಯನ್ನೂ ಇಂದಿಗೂ ಸಾರುತ್ತಿದೆ. ಕಲ್ಲು ಹೆಸರನ್ನು ಉಳಿಸಿತು. ಆ ಹೆಸರಿನ ಹಿಂದಿನ ಹೃದಯವನ್ನು ರಗಳೆಯು ಉಳಿಸಿತು.

ಆದುದರಿಂದ ಶರಣಚರಿತೆಯನ್ನು ಓದುವವರು ಶಾಸನವನ್ನು ಶಾಸನವೆಂದೂ ಕಾವ್ಯವನ್ನು ಕಾವ್ಯವೆಂದೂ ಅರಿತು, ಎರಡನ್ನೂ ಗೌರವಿಸತಕ್ಕದ್ದು. ಅರಸನ ಲೆಕ್ಕವನ್ನು ಬಿಟ್ಟ ಕರಣಿಕನು ಶರಣರ ಬಾಳಿನ ಲೆಕ್ಕವನ್ನು ಲೋಕಕ್ಕೆ ಒಪ್ಪಿಸಿ ಧನ್ಯನಾದನು.